ಹಡಗಿನ ಕರಿಯ ಒಡಲ ಮೇಲೆ ಒಬ್ಬ

ಕಪ್ಪುಬಿಳುಪು ಫೋಟೋ ತಿದ್ದುವುದರಲ್ಲಿ ಅಕ್ಕನದು ಎತ್ತಿದ ಕೈ. ಹಡಗು ಕಂಪನಿಗಳ ಕ್ಯಾಲೆಂಡರಿಗೆ ಬಂದ ಚಿತ್ರಗಳಲ್ಲಿ ತುಕ್ಕಿನ ಕಲೆ, ಹೊಗೆ, ದಡದ ಕಸ ಎಲ್ಲವನ್ನೂ ಕೂದಲೆಳೆಯಂಥ ಕುಂಚದಿಂದ ಮಾಯ ಮಾಡುತ್ತಿದ್ದಳು. ಅವಳ ಹೆಸರು ಯಾವ ಮೂಲೆಯಲ್ಲೂ ಅಚ್ಚಾಗುತ್ತಿರಲಿಲ್ಲ. ತಂಗಿ ಕ್ಯಾಮೆರಾ ಹಿಡಿಯುವ ತನಕ ಅದೊಂದು ಕೊರತೆ ಎಂದೇ ಅವಳಿಗೆ ಅನಿಸಿರಲಿಲ್ಲ.

ತಂಗಿ ತೆಗೆಯುತ್ತಿದ್ದುದನ್ನು ಹಡಗೆಂದು ಹೇಳುವುದೇ ಕಷ್ಟ. ಒಂದು ಕರಿಯ ತ್ರಿಕೋನ, ಪಕ್ಕದಲ್ಲೊಂದು ಪಟ್ಟಿ ಆಕಾಶ, ಅಷ್ಟೇ. ಅಂಥದ್ದಕ್ಕೆ ಗ್ಯಾಲರಿಯವರು ಇಡೀ ಗೋಡೆ ಬಿಟ್ಟುಕೊಟ್ಟರು. ಅಪ್ಪ ಮನೆಗೆ ಬಂದವರಿಗೆಲ್ಲ ಚಿಕ್ಕ ಮಗಳ ಗುಣಗಾನ ಮಾಡಿದ್ದೇ ಮಾಡಿದ್ದು. ದೊಡ್ಡವಳೂ ಅದೇ ಕೆಲಸದಲ್ಲಿದ್ದಾಳಲ್ಲ ಎಂದು ಯಾರೋ ಕೇಳಿದರೆ, "ಅವಳು ಧೂಳು ಒರೆಸ್ತಾಳೆ" ಎಂದು ನಕ್ಕುಬಿಟ್ಟರು. ಆ ಮಾತು ಅಕ್ಕನ ಕಿವಿಗೂ ಬಿತ್ತು.

ಪ್ರದರ್ಶನಕ್ಕೆ ಮುಂಚೆ ತಂಗಿ ಎಲ್ಲಕ್ಕಿಂತ ದೊಡ್ಡ ಪ್ರಿಂಟನ್ನು ತಂದಿಟ್ಟು, ಧೂಳಿನಿಂದಾದ ಬಿಳಿ ಚುಕ್ಕೆಗಳಿಗಷ್ಟು ಕಪ್ಪು ತುಂಬಿ ಚೌಕಟ್ಟಿನವನಿಗೆ ಕಳಿಸಿಬಿಡು ಎಂದು ಹೋದಳು. ಚಿತ್ರದ ತುಂಬ ಹಡಗಿನ ಕರಿಯ ಒಡಲು. ನಡುವೆ ಹಗ್ಗಕ್ಕೆ ಜೋತುಬಿದ್ದು ಬಣ್ಣ ಬಳಿಯುವವನೊಬ್ಬ, ಬಿಳಿ ಅಂಗಿಯವನು, ಹೆಬ್ಬೆರಳಿನುಗುರಿನಷ್ಟು. ಕಣ್ಣು ಎಲ್ಲೇ ಅಲೆದರೂ ಕೊನೆಗೆ ಬಂದು ನಿಲ್ಲುವುದು ಅವನ ಹತ್ತಿರವೇ. ಚಿತ್ರದ ಜೀವ ಇವನಲ್ಲೇ ಇದೆ ಎಂದು ಅಕ್ಕನಿಗೆ ಕಂಡಕೂಡಲೇ ಗೊತ್ತಾಯಿತು. ಗೊತ್ತಾದದ್ದೇ ತಡ, ಹೊಟ್ಟೆಗೆ ಬೆಂಕಿ ಬಿತ್ತು. ಚುಕ್ಕೆಗಳನ್ನು ತುಂಬಿದಳು. ಆಮೇಲೆ ಕುಂಚವನ್ನು ಮತ್ತೆ ಕಪ್ಪಿನಲ್ಲಿ ಅದ್ದಿ, ಪದರದ ಮೇಲೆ ಪದರ ಎಳೆದು, ಹಗ್ಗ ಸಮೇತ ಅವನನ್ನೂ ತುಂಬಿಬಿಟ್ಟಳು.

ತಂಗಿ ಅದನ್ನು ನೋಡಿದ್ದು ಗೋಡೆಗೇರಿದ ಮೇಲೆ. ಹತ್ತಿರ ಹೋಗಿ ನೋಡಿ, "ಅವನನ್ನ ತೆಗೆದುಹಾಕೋಷ್ಟು ಧೈರ್ಯ ನಂಗೇ ಇರ್ಲಿಲ್ಲ ಕಣೆ. ಹೀಗೇ ಚೆನ್ನಾಗಿದೆ" ಎಂದಳು. ಬಂದವರೂ ಆ ಬರಿಯ ಕಪ್ಪಿನ ಮುಂದೆ ನಿಂತು ತಲೆದೂಗಿದರು. ಕೆಡಿಸಲು ಹೋದದ್ದೂ ತಂಗಿಯ ಹೆಸರಿಗೇ ಜಮೆಯಾಯಿತಲ್ಲ ಎಂದು ಅಕ್ಕ ಒಳಗೊಳಗೇ ಬೆಂದಳು.

ಅಷ್ಟರಲ್ಲಿ ಇಸ್ತ್ರಿ ಶರ್ಟಿನ ಒಬ್ಬಾತ ಹೆಂಡತಿಯನ್ನು ಕರೆದುಕೊಂಡು ಬಂದ. ಅವನೇ ಆ ಬಣ್ಣ ಬಳಿಯುವವನು. ಫೋಟೋ ತೆಗೆದ ದಿನ ತಂಗಿ, ನಿಮ್ಮ ಚಿತ್ರ ಗೋಡೆಗೆ ಬರುತ್ತದೆ, ಬನ್ನಿ ಎಂದಿದ್ದಳಂತೆ. ಅವನು ಗಾಜಿನ ಮೇಲೆ ಬೆರಳಾಡಿಸುತ್ತ, "ಇಲ್ಲೇ ಇದ್ದೆ" ಎಂದ. ಹೆಂಡತಿ ಕಣ್ಣು ಕಿರಿದು ಮಾಡಿ ಹುಡುಕಿ, "ಬೇರೆ ಹಡಗಿರ್ಬೇಕು, ಬನ್ನಿ" ಎಂದು ಅವನ ತೋಳು ಹಿಡಿದಳು.

ತಂಗಿ ನೆಲ ನೋಡಿದಳು. ಅಕ್ಕನೇ ಮುಂದೆ ಹೋದಳು.

"ಅದೇ ಹಡಗು. ನೀವು ಅಲ್ಲೇ ಇದ್ರಿ. ಅಳಿಸಿದ್ದು ನಾನು."

ಯಾಕೆ ಎಂದು ಅವನು ಕೇಳಿದ. ಚಂದ ಕಾಣಲಿ ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು.

"ಇವಳು ನನ್ನ ತಂಗಿ. ನೀವಿದ್ದಿದ್ದಕ್ಕೇ ಇವಳ ಚಿತ್ರ ತುಂಬಾ ಚೆನ್ನಾಗಿತ್ತು. ನಂಗೆ ತಡ್ಕೊಳ್ಳೋಕಾಗ್ಲಿಲ್ಲ."

ಅವನು ಇಬ್ಬರನ್ನೂ ನೋಡಿ, "ನಂಗೂ ಒಬ್ಬ ತಮ್ಮ ಇದಾನೆ" ಎಂದ. ಹೆಂಡತಿ ನಗು ತಡೆಯಲಾಗದೆ ಆಚೆ ತಿರುಗಿದಳು.

ಮರುದಿನ ಕತ್ತಲಕೋಣೆಯಲ್ಲಿ ಅಕ್ಕತಂಗಿ ಇಬ್ಬರೂ ಆ ನೆಗೆಟಿವ್ವಿನಿಂದ ಹೊಸ ಪ್ರಿಂಟ್ ಹಾಕಿದರು. ತಟ್ಟೆಯ ದ್ರಾವಣದಲ್ಲಿ ಸುತ್ತಲೂ ಕಪ್ಪು ಏರುತ್ತ ಬಂತು. ಅವನೊಬ್ಬ ಬೆಳ್ಳಗೆ ಉಳಿದ.

"ಇದೇ ಚೆನ್ನಾಗಿದೆ ಅಲ್ವಾ?" ತಂಗಿಯ ದನಿ ಸಣ್ಣದಾಗಿತ್ತು.

"ಹೂಂ" ಎಂದಳು ಅಕ್ಕ. ಹೊಟ್ಟೆಯುರಿ ಆರಿರಲಿಲ್ಲ. ಆ ಪ್ರಿಂಟನ್ನು ಬಣ್ಣದವನಿಗೆಂದು ಒಣಗಲು ಹಾಕಿ, ಗೋಡೆಗೆ ಅಂಥದ್ದೇ ಇನ್ನೊಂದು ಹಾಕಲು ಹಾಳೆ ಎತ್ತಿಕೊಂಡಳು.