ಚನ್ನವ್ವನ ಸಪ್ಪೆ ಪಥ್ಯ

ದಹಿಸರ್‌ನ ಸಾಲುಮನೆಗಳ ಚಾಳೊಂದರಲ್ಲಿ ರುದ್ರವ್ವನದು ಕಿರಾಣಿ ಅಂಗಡಿ, ಹಿಂದೆಯೇ ಮನೆ. ಬಾಗಿಲಲ್ಲೇ ಮೂಟೆ ಮೂಟೆ ಉಪ್ಪು. ಒಳಗೆ ಸೊಸೆ ಚನ್ನವ್ವನ ತಟ್ಟೆಗೆ ಮಾತ್ರ ಒಂದು ಹರಳೂ ಇಲ್ಲ! ಇದಕ್ಕೆ ಏನನ್ನಬೇಕು?

ಕೆಲವು ತಿಂಗಳಿಂದ ಚನ್ನವ್ವ ಕಪ್ಪಾಗುತ್ತಿದ್ದಳು. ಒಸಡು, ಅಂಗೈ ಗೆರೆ ಸಹ ಕಪ್ಪು. ಎದ್ದರೆ ತಲೆಸುತ್ತು, ಉಂಡರೆ ವಾಂತಿ. ಚರ್ಮದ ರೋಗಕ್ಕೆ ಸಪ್ಪೆ ಪಥ್ಯವೇ ಮದ್ದೆಂದು ಅತ್ತೆ ತೀರ್ಮಾನಿಸಿಬಿಟ್ಟಳು. ಚನ್ನವ್ವನ ಜೀವವೋ ಉಪ್ಪಿಗಾಗಿ ಬಾಯಿಬಾಯಿ ಬಿಡುತ್ತಿತ್ತು. ಕದ್ದು ಮೂಟೆಗೆ ಕೈಹಾಕಿ ಸಿಕ್ಕಿಬಿದ್ದಳು.

"ಉಪ್ಪು ತಿಂದಾಕಿ ನೀರು ಕುಡೀಲೇಬೇಕು! ಬಣ್ಣ ತಿಳಿ ಆಗೂತನಕ ತವರಮನ್ಯಾಗ ಇರು, ನಡಿ!" ರುದ್ರವ್ವ ಗುಡುಗಿದಳು.

ಗಂಡ ಮುರಿಗೆಪ್ಪ ತಕ್ಕಡಿ ಒರೆಸುತ್ತ ನಿಂತಿದ್ದ. ಅದನ್ನು ಕಂಡು ಚನ್ನವ್ವನ ಮೈಯೆಲ್ಲ ಉರಿದುಹೋಯಿತು.

"ನಾಯಿಗೆ ಹಾಕೋ ತುತ್ತಿನ್ಯಾಗೂ ಉಪ್ಪು ಇರತೈತಿ. ನಾ ಏನ್ ಪಾಪ ಮಾಡೀನ್ರಿ ಅತ್ತಿ?" ಎಂದವಳು ಅಲ್ಲೇ ಕುಸಿದಳು.

ಪಕ್ಕದ ಖೋಲಿಯ ನರ್ಸ್ ನೀಲಾವತಿ, ಉಡುಪಿ ಕಡೆಯವಳು, ಓಡಿಬಂದು ನಾಡಿ ಹಿಡಿದಳು.

"ಎಂತ ಮಾಡಿದ್ದು ನೀವು? ಇದು ಬರೀ ಚರ್ಮದ ರೋಗ ಅಲ್ಲಮ್ಮ! ನಮ್ಮ ಎರಡೂ ಕಿಡ್ನಿ ಮೇಲೆ ಟೊಪ್ಪಿ ಹಾಗೆ ಒಂದೊಂದು ಗ್ರಂಥಿ ಉಂಟು. ಅದರ ರಸ ರಕ್ತಕ್ಕೆ ಸೇರಿದ್ರೆ ಕಿಡ್ನಿ ಮೈಯ ಉಪ್ಪನ್ನು ಹಿಡಿದಿಡ್ತದೆ. ರಸ ಬತ್ತಿದ್ರೆ ಉಪ್ಪೆಲ್ಲ ಮೂತ್ರದಲ್ಲಿ ಹೋಗ್ತದೆ, ರಕ್ತದ ಒತ್ತಡ ಬೀಳ್ತದೆ, ಮೈ ಕಪ್ಪಾಗ್ತದೆ. ಇವಳಿಗೆ ಅದೇ ಇರ್ಬೇಕು."

"ಉಪ್ಪು ತಿಂದ ಕರ್ರಗಾಗ್ಯಾಳ!" ರುದ್ರವ್ವ ಪಟ್ಟು ಬಿಡಲಿಲ್ಲ.

"ಹಾಗಾದ್ರೆ ಇಷ್ಟು ವರ್ಷ ಉಪ್ಪು ತಿಂದ ನೀವೆಷ್ಟು ಕಪ್ಪಾಗ್ಬೇಕಿತ್ತು? ಟಾಂಗಾ ತರಿಸಿ. ತಡ ಆದ್ರೆ ಜೀವ ಹೋಗ್ತದೆ!"

ಮುರಿಗೆಪ್ಪ ತಕ್ಕಡಿ ಬಿಟ್ಟು ಓಡಿದ.

ದವಾಖಾನೆಯಲ್ಲಿ ಉಪ್ಪುನೀರಿನ ಸಲೈನ್ ಏರಿಸಿದರು, ಆ ರಸದ ಬದಲಿಗೆ ಕಾರ್ಟಿಸೋನ್ ಚುಚ್ಚಿದರು. ಚನ್ನವ್ವ ಕಣ್ಣುಬಿಟ್ಟಳು. ಹಿಂದೆ ಬಂದಿದ್ದ ಕ್ಷಯ ಆ ಗ್ರಂಥಿಗಳನ್ನು ತಿಂದುಹಾಕಿತ್ತಂತೆ. ಬತ್ತಿದ ರಸದ ಬದಲು ಬದುಕಿರುವಷ್ಟು ಕಾಲ ಔಷಧಿ ಬೇಕು, ತಪ್ಪಿಸುವಂತಿಲ್ಲ ಎಂದರು ಡಾಕ್ಟರು.

"ನಾನ ಕೊಲ್ಲಾಕ ಹೊಂಟಿದ್ದೆನಲ್ಲವ್ವಾ!" ರುದ್ರವ್ವ ಬಾಯಿಗೆ ಸೆರಗು ಒತ್ತಿ ಅತ್ತಳು.

ಚನ್ನವ್ವನ ಸಿಟ್ಟು ಇಳಿದಿರಲಿಲ್ಲ. "ಅಳಬ್ಯಾಡ್ರಿ ಅತ್ತಿ. ನಾಳೆ ಯಾರ ಮನಿ ಸೊಸಿ ಹಿಂಗಾದ್ರೂ, ದವಾಖಾನಿಗೆ ಕರಕೊಂಡು ಹೋಗ್ರಿ ಅಂತ ನೀವ ಹೋಗಿ ಹೇಳ್ರಿ."

"ಹೇಳ್ತೀನವ್ವಾ. ಚಾಳಿನ ತುಂಬ ಹೇಳ್ತೀನಿ."

ಅಕ್ಕಂದಿರೇ, ಅಣ್ಣಂದಿರೇ, ಮನೆಯಲ್ಲಿ ಯಾರಾದರೂ ಕಾರಣವಿಲ್ಲದೆ ಕಪ್ಪಾಗಿ ಸೊರಗಿದರೆ, ತಲೆಸುತ್ತಿ ಬಿದ್ದರೆ, ಉಪ್ಪಿಗೆ ಹಾತೊರೆದರೆ, ಬೈಯುವ ಮೊದಲು ದವಾಖಾನೆಗೆ ಕರೆದೊಯ್ಯಿರಿ. ಪಥ್ಯವನ್ನು ಡಾಕ್ಟರೇ ಹೇಳಲಿ. ಸೊಸೆಯ ಬಣ್ಣಕ್ಕೆ ನಾಚುತ್ತ ಕೂತರೆ, ನಾಳೆ ಅವಳನ್ನು ಹೊರಲು ನೀವೇ ಹೆಗಲು ಕೊಡಬೇಕಾದೀತು!