ಎಡಗೋಡೆಯ ಮನೆ

ನಲವತ್ತೇಳನೆಯ ಮನೆಯೊಳಗೆ ಕಾಲಿಟ್ಟ ಕೂಡಲೇ ದಲ್ಲಾಳಿಯ ಬೀಗದ ಕೈಗಳ ಸದ್ದು ನಿಂತುಹೋಯಿತು. ಅದನ್ನು ಗಮನಿಸಿದವರು ಅತ್ತೆ ಒಬ್ಬರೇ.

ಸೊಸೆ ಯಾವ ಸದ್ದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ನಾಲ್ಕು ತಿಂಗಳಿಂದ ಅವಳ ಭಾನುವಾರಗಳೆಲ್ಲ ಕಂಡವರ ಮನೆಯ ನಲ್ಲಿ ತಿರುಗಿಸಿ ನೋಡುವುದರಲ್ಲೇ ಕಳೆದಿದ್ದವು. ಉಳಿದ ಆರು ದಿನ ಅವಳು ಕನ್ನಡಕದ ಅಂಗಡಿಯೊಂದರಲ್ಲಿ ಕಣ್ಣು ಪರೀಕ್ಷಿಸುತ್ತಿದ್ದಳು. ಕತ್ತಲೆ ಕೋಣೆಯಲ್ಲಿ ಗಿರಾಕಿಯ ಮೂಗಿನ ಮೇಲೆ ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತದೆಯೋ ಅದೋ ಎಂದು ಕೇಳುವುದು ಅವಳ ಕಸುಬು. ಹತ್ತು ಗಾಜು ದಾಟಿದ ಮೇಲೆ ಎಂಥ ಹುರುಪಿನ ಗಿರಾಕಿಯೂ ಸೋತು, ಎರಡೂ ಒಂದೇ ಥರ ಇದೆ ಎಂದುಬಿಡುತ್ತಾನೆ. ಈಗ ಅವಳಿಗೆ ಮನೆಗಳೂ ಹಾಗೆಯೇ ಕಾಣತೊಡಗಿದ್ದವು. ಹಳದಿ ಗೋಡೆಯ ಮನೆ ಯಾವುದು, ಸೋರುವ ನಲ್ಲಿಯ ಮನೆ ಯಾವುದು ಎಂಬುದು ಸಂಜೆಯ ಹೊತ್ತಿಗೆ ಕಲಸಿಹೋಗಿರುತ್ತಿತ್ತು.

ಆದರೆ ಸುಮ್ಮನೆ ಕೈಚೆಲ್ಲುವಂತಿರಲಿಲ್ಲ. ಅತ್ತೆಯ ನೋಟ ಅಂಚಿನಿಂದ ಕಿರಿದಾಗುತ್ತ ಬರುತ್ತಿತ್ತು. ಅದನ್ನು ಮೊದಲು ಕಂಡುಹಿಡಿದವಳೂ ಸೊಸೆಯೇ. ದೊಡ್ಡ ಡಾಕ್ಟರು ಸುತ್ತುಬಳಸಿಲ್ಲದೆ ಹೇಳಿದ್ದರು: ಹೆಚ್ಚೆಂದರೆ ಒಂದು ವರ್ಷ, ಆಮೇಲೆ ಬೆಳಕು ಕತ್ತಲೆಯ ವ್ಯತ್ಯಾಸವಷ್ಟೇ. ಅತ್ತೆ ಅಳಲಿಲ್ಲ. ಹೊರಬಂದು ಆಟೋ ಹತ್ತುವಾಗ ಒಂದೇ ಮಾತು ಆಡಿದ್ದರು.

"ಕಣ್ಣಿರುವಾಗಲೇ ಒಂದು ಮನೆ ಬಾಯಿಪಾಠ ಮಾಡ್ಕೋಬೇಕು ಕಣೇ. ಆಮೇಲೆ ಮನೆ ಬದಲಾಯಿಸಿದ್ರೆ ನಾನು ಮೂಲೇಲಿ ಕೂತ ಮೂಟೆ ಅಷ್ಟೇ."

ಹತ್ತು ವರ್ಷದಲ್ಲಿ ಆರು ಬಾಡಿಗೆ ಮನೆ ಬದಲಿಸಿದ ಸಂಸಾರ ಅದು. ಈ ಸಲ ಸ್ವಂತದ ಮನೆಯನ್ನೇ ಕೊಳ್ಳಬೇಕಿತ್ತು. ಗಂಡ ಬಸ್ ಡಿಪೋದಲ್ಲಿ ವೇಳಾಪಟ್ಟಿ ಬರೆಯುವವನು. ಅವನಿಗೆ ಭಾನುವಾರ ರಜೆಯಿಲ್ಲ. 'ನೀವಿಬ್ಬರೂ ಒಪ್ಪಿದ್ರೆ ನನ್ನದೇನೂ ಅಡ್ಡಿಯಿಲ್ಲ' ಎಂದು ಕೈತೊಳೆದುಕೊಂಡಿದ್ದ. ಹೀಗಾಗಿ ಅತ್ತೆ ಸೊಸೆ ಇಬ್ಬರೇ ವಾರವಾರವೂ ದಲ್ಲಾಳಿಯ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಊರು ಅಳೆಯುತ್ತಿದ್ದರು.

ದಲ್ಲಾಳಿಗೆ 'ಗಿಲಕಿ' ಎಂದು ಹೆಸರಿಟ್ಟವರು ಅತ್ತೆ. ಅವನ ಬಲಗೈಯಲ್ಲಿ ಸದಾ ನಲವತ್ತು ಕೀಲಿಕೈಗಳ ಗೊಂಚಲು. ಒಂದೊಂದಕ್ಕೂ ಕಾಗದದ ಚೀಟಿ. ಮಾತಿಗೊಮ್ಮೆ ಅದನ್ನು ಕುಲುಕದಿದ್ದರೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ. ಅವನ ಕೆಲಸಕ್ಕೊಂದು ಕ್ರಮವಿತ್ತು. ಮೊದಲು ಒಂದು ದರಿದ್ರ ಮನೆ, ಆಮೇಲೆ ಇನ್ನೊಂದು ದರಿದ್ರ ಮನೆ, ಕೊನೆಗೆ ಅವನು ಮಾರಬೇಕೆಂದಿದ್ದ ಮೂರನೆಯ ಮನೆ. ಸೊಸೆಗೆ ಈ ಆಟ ಮೊದಲ ಭಾನುವಾರವೇ ಗೊತ್ತಾಗಿತ್ತು. ಎರಡು ಕೆಟ್ಟ ಫ್ರೇಮು ಮುಖಕ್ಕಿಟ್ಟು ಕನ್ನಡಿ ತೋರಿಸಿ, ಆಮೇಲೆ ಮೂರನೆಯದನ್ನು ತೆಗೆಯುವುದು ಅವಳ ಅಂಗಡಿಯಲ್ಲೂ ನಡೆದು ಬಂದದ್ದೇ. ಗಿಲಕಿಯೇ ಒಮ್ಮೆ ಓದುವ ಕನ್ನಡಕ ಮಾಡಿಸಿಕೊಳ್ಳಲು ಅವಳ ಅಂಗಡಿಗೆ ಬಂದು, ಮೂರನೆಯ ಫ್ರೇಮನ್ನು ಆರಿಸಿಕೊಂಡು, ಕೆಂಪು ಡಬ್ಬಿಯಲ್ಲಿ ಹಾಕಿಸಿಕೊಂಡು ನಕ್ಕಿದ್ದ. ಆದರೂ ಮುಂದಿನ ಭಾನುವಾರ ಅದೇ ಆಟ ಮುಂದುವರಿಯಿತು. ಕಸುಬಿನ ಚಾಳಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ನಲವತ್ತೇಳನೆಯದು ಆ ದಿನದ ಎರಡನೆಯ ಮನೆ. ಅಂದರೆ ದರಿದ್ರ ಮನೆ.

ಎರಡು ದೊಡ್ಡ ಕಟ್ಟಡಗಳ ನಡುವೆ ಸಿಕ್ಕಿಕೊಂಡ ರೈಲು ಡಬ್ಬಿಯಂಥ ಮನೆ ಅದು. ಹಜಾರ, ಅದರ ಹಿಂದೆ ಕೋಣೆ, ಅದರ ಹಿಂದೆ ಅಡುಗೆಮನೆ, ಬಚ್ಚಲು, ಕೊನೆಗೆ ಒಂದು ಚಾಪೆಯಷ್ಟು ಹಿತ್ತಿಲು. ಕಿಟಕಿಗಳು ಎದುರು ಗೋಡೆಯನ್ನೇ ನೋಡುತ್ತಿದ್ದವು. ಬಾಗಿಲು ತೆರೆದ ಐವತ್ತರ ಹೆಂಗಸು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ, ಬೆಳಕು ಸ್ವಲ್ಪ ಕಮ್ಮಿ, ಹಗಲಲ್ಲೂ ದೀಪ ಹಾಕಬೇಕು ಎಂದು ಪಾಠ ಒಪ್ಪಿಸಿದಂತೆ ಹೇಳಿ ಗೋಡೆಗೊರಗಿ ನಿಂತಳು. ತನ್ನ ಮನೆಯ ಕೊರತೆಯನ್ನು ತಾನೇ ಮೊದಲು ಹೇಳುವ ಮಾಲೀಕಳನ್ನು ಸೊಸೆ ಹಿಂದೆಂದೂ ಕಂಡಿರಲಿಲ್ಲ. ಇನ್ನೊಂದು ವಿಚಿತ್ರವೂ ಅವಳ ದಣಿದ ಕಣ್ಣಿಗೆ ಬಿತ್ತು. ಅಡುಗೆಮನೆಯ ಬಾಗಿಲು ತಗ್ಗಾಗಿತ್ತು. ಗಿಲಕಿ ಹಿಂದಕ್ಕೆ ತಿರುಗಿ ಇವರೊಡನೆ ಮಾತಾಡುತ್ತಲೇ, ನೋಡದೆಯೇ, ಸರಿಯಾದ ಜಾಗದಲ್ಲಿ ತಲೆ ತಗ್ಗಿಸಿ ಒಳಹೊಕ್ಕ.

ಅದನ್ನು ಕುರಿತು ಯೋಚಿಸುವಷ್ಟರಲ್ಲಿ ಅತ್ತೆ ಮುಂಬಾಗಿಲಿಗೆ ಹಿಂದಿರುಗಿ, ಎಡಗೈಯನ್ನು ಗೋಡೆಗಿಟ್ಟು, ಕಣ್ಣು ಮುಚ್ಚಿ ನಡೆಯತೊಡಗಿದ್ದರು. ಹಜಾರ ದಾಟಿದರು, ಕೋಣೆ ದಾಟಿದರು, ಕುಳ್ಳಗಿದ್ದುದರಿಂದ ತಗ್ಗು ಬಾಗಿಲನ್ನೂ ತಲೆ ತಾಗದೆ ದಾಟಿದರು. ಒಂದು ಮೆಟ್ಟಿಲಿಲ್ಲ, ಒಂದು ತಿರುವಿಲ್ಲ. ಹಿತ್ತಿಲ ಬಾಗಿಲನ್ನು ಮುಟ್ಟಿ ಕಣ್ಣು ತೆರೆದರು.

"ಇದೇ," ಎಂದರು. "ಈ ಗೋಡೆ ಎಲ್ಲೂ ಕೈ ಬಿಡೋದಿಲ್ಲ."

ಕತ್ತಲೆಯ ಮಾತೆತ್ತಿದ ಗಿಲಕಿಗೆ, ಇನ್ನೊಂದು ವರ್ಷಕ್ಕೆ ತನಗೆ ಎಲ್ಲ ಮನೆಯೂ ಒಂದೇ ಎಂದು ಅತ್ತೆ ನಗುತ್ತಲೇ ಉತ್ತರ ಕೊಟ್ಟರು. ಗೋಡೆಗೊರಗಿದ್ದ ಹೆಂಗಸು ತಲೆಯೆತ್ತಿ ಅವರನ್ನೇ ದಿಟ್ಟಿಸಿದಳು. ಗಿಲಕಿಯ ಮುಖದಲ್ಲಿ ರಕ್ತವೇ ಇರಲಿಲ್ಲ.

ಅಂದಿನಿಂದ ನೆಪಗಳ ಸರಮಾಲೆ ಶುರುವಾಯಿತು. ಮೊದಲ ವಾರ, ಮಾಲೀಕರು ಊರಲ್ಲಿಲ್ಲ. ಎರಡನೆಯ ವಾರ, ಬೇರೆ ಯಾರೋ ಆಗಲೇ ಮುಂಗಡ ಕೊಟ್ಟಿದ್ದಾರೆ. ಮೂರನೆಯ ವಾರ, ಅಣ್ಣತಮ್ಮಂದಿರ ವ್ಯಾಜ್ಯ ಕೋರ್ಟಿನಲ್ಲಿದೆ, ಆ ಮನೆಯ ಹೆಸರೇ ಎತ್ತಬೇಡಿ. ಮೂರು ನೆಪಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಸೊಸೆಯ ಅನುಮಾನ ಬಲವಾಯಿತು. ಕಾಗದಪತ್ರದಲ್ಲಿ ಏನೋ ಮೋಸವಿದೆ, ಇಲ್ಲವೇ ಆ ಹೆಂಗಸು ಮಾಲೀಕಳೇ ಅಲ್ಲ. ಈ ನಡುವೆ ಗಿಲಕಿ ಇನ್ನೊಂದು ಮನೆಯನ್ನು ಗಂಡನ ತಲೆಗೆ ತುಂಬಿದ್ದ. ಬಿಸಿಲು ಬೀಳುವ, ಬಾಲ್ಕನಿಯಿರುವ, ಹಜಾರದಿಂದ ಕೋಣೆಗೆ ಮೂರು ಮೆಟ್ಟಿಲು ಏರಿ ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯುವ ಮನೆ. ಶನಿವಾರ ಮುಂಗಡ ಕೊಡುವುದೆಂದು ಗಂಡ ನಿಶ್ಚಯಿಸಿಬಿಟ್ಟ. ಅವನದೂ ತಪ್ಪಲ್ಲ, ಎಲ್ಲರೂ ದಣಿದಿದ್ದರು. ಆ ವಾರದ ಪರೀಕ್ಷೆಯಲ್ಲಿ ಅತ್ತೆಯ ನೋಟದ ವರ್ತುಲ ಇನ್ನೊಂದು ಬೆರಳಿನಷ್ಟು ಕುಗ್ಗಿತ್ತು.

"ಆ ಮನೇಲಿ ಒಂದು ವಿಷಯ ನಡೀತು," ಎಂದರು ಅತ್ತೆ, ಪರೀಕ್ಷೆಯ ಕುರ್ಚಿಯಲ್ಲಿ ಕುಳಿತೇ. "ಬೇರೆ ಮನೆಗಳಲ್ಲಿ ಗಿಲಕಿ ಸದ್ದು ನಮ್ಮ ಜೊತೆಗೇ ತಿರುಗುತ್ತೆ. ಅಲ್ಲಿ ಮಾತ್ರ ಒಳಗೆ ಹೋದ ತಕ್ಷಣ ನಿಂತುಹೋಯ್ತು. ಯಾಕೆ?"

ಸೊಸೆ ಗಾಜುಗಳ ಪೆಟ್ಟಿಗೆ ಮುಚ್ಚಿದಳು. ಕೈಯಲ್ಲಿ ಉಳಿದಿದ್ದುದು ಎರಡೇ ದಿನ. ಗುರುವಾರ ಮಧ್ಯಾಹ್ನ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಅತ್ತೆಯ ಕೈಹಿಡಿದು, ಹೇಳದೆ ಕೇಳದೆ ಆ ಮನೆಯ ಬಾಗಿಲು ತಟ್ಟಿದಳು.

ಬಾಗಿಲು ತೆರೆದವಳು ಅದೇ ಹೆಂಗಸು. ಇವರನ್ನು ಕಂಡು ಬೆಚ್ಚಲಿಲ್ಲ. ಕಾದಿದ್ದವಳಂತೆ ಸರಿದು ದಾರಿ ಬಿಟ್ಟಳು. ಬಾಗಿಲ ಪಕ್ಕದ ಎಡಗೋಡೆಯಲ್ಲಿ ಒಂದು ಮೊಳೆ. ಮೊಳೆಯ ಕೆಳಗೆ ಸುಣ್ಣ ಸವೆದು ಅರ್ಧಚಂದ್ರದ ಗೀರು, ಏನೋ ಭಾರವಾದ ಗೊಂಚಲು ವರ್ಷಗಟ್ಟಲೆ ತೂಗಾಡಿ ಗೀಚಿದ ಗುರುತು. ಅದರ ಪಕ್ಕದ ಗೂಡಿನಲ್ಲಿ ಒಂದು ಕೆಂಪು ಡಬ್ಬಿ. ಡಬ್ಬಿಯ ಮೇಲಿದ್ದುದು ಅವಳದೇ ಅಂಗಡಿಯ ಹೆಸರು.

ಸೊಸೆ ಡಬ್ಬಿಯನ್ನೂ ಹೆಂಗಸನ್ನೂ ನೋಡಿದಳು. ಒಳಗೆ ಬಂದ ಕೂಡಲೇ ಗೊಂಚಲನ್ನು ಮೊಳೆಗೆ ಹಾಕುವ ಅಭ್ಯಾಸ ಒಬ್ಬ ಮನುಷ್ಯನಿಗೆ ಲೋಕದಲ್ಲಿ ಒಂದೇ ಒಂದು ಮನೆಯಲ್ಲಿ ಇರಲು ಸಾಧ್ಯ.

"ಇದು ಅವರ ಮನೆ," ಎಂದಳು.

"ನಮ್ಮ ಮನೆ," ಎಂದು ಹೆಂಗಸು ತಿದ್ದಿದಳು. "ನಾನು ಅವರ ಹೆಂಡತಿ. ಕೂತ್ಕೊಳ್ಳಿ."

ಆಮೇಲೆ ಅವಳು ಹೇಳಿದ್ದು ಹೀಗೆ. ಆರು ವರ್ಷದ ಹಿಂದೆ ಒಂದು ಭಾನುವಾರ ಗಿರಾಕಿಗೆ ತೋರಿಸಲು ತನ್ನ ಗಂಡನಿಗೆ ಕೆಟ್ಟ ಮನೆಯೊಂದು ಸಿಗಲಿಲ್ಲ. ತನ್ನ ಮನೆಯನ್ನೇ ತೋರಿಸಿದ. ಗಿರಾಕಿ ಮೂಗು ಮುರಿದು, ಮುಂದಿನ ಮನೆಯನ್ನು ನಿಂತ ನಿಲುವಿನಲ್ಲೇ ಒಪ್ಪಿಕೊಂಡ. ಅಂದಿನಿಂದ ಅದೇ ರೂಢಿಯಾಯಿತು. ಯಾರ ಅಪ್ಪಣೆಯೂ ಬೇಡ, ಯಾವಾಗಲೂ ಕೈಗೆಟುಕುವ ಮನೆ. ಹೆಂಡತಿ ಮಾಲೀಕಳ ವೇಷ ಹಾಕಿ, ಕಲಿಸಿಕೊಟ್ಟ ಎರಡು ಮಾತು ಹೇಳಿದರೆ ಸಾಕು.

"ಆರು ವರ್ಷದಿಂದ ಪ್ರತಿ ಭಾನುವಾರ ಯಾರೋ ಬಂದು ನನ್ನ ಅಡುಗೆಮನೆ ನೋಡಿ ಥೂ ಅಂತಾರೆ. ಒಬ್ಬಳಂತೂ ಇಲ್ಲಿ ಇಲಿ ಕೂಡ ಇರಲ್ಲ ಅಂದ್ಲು. ನಾನು ನಿಂತ್ಕೊಂಡು ಹೌದು ಹೌದು ಅಂದೆ." ಅವಳು ಅತ್ತೆಯ ಕಡೆ ತಿರುಗಿದಳು. "ನೀವು ಇದೇ ಅಂದ್ರಲ್ಲ, ಆ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ."

ಸೊಸೆಯ ಎದೆ ಹಗುರವಾಗುವುದರಲ್ಲಿತ್ತು. ಆದರೆ ಹೆಂಗಸಿನ ಮುಂದಿನ ಮಾತು ಅವಳನ್ನು ಅಲ್ಲೇ ತಡೆದು ನಿಲ್ಲಿಸಿತು. ಮೂರು ವಾರದ ಹಿಂದಾಗಿದ್ದರೆ ಬೀಗದ ಕೈ ಬಿಸಾಕಿ ಹೋಗುತ್ತಿದ್ದೆ ಎಂದಳು ಅವಳು. ಆದರೆ ಮೊದಲ ಸಲ ಯಾರೋ ಚೆನ್ನಾಗಿದೆ ಎಂದ ಮೇಲೆ ತನಗೂ ಮನೆ ಚೆನ್ನಾಗಿ ಕಾಣತೊಡಗಿದೆ. ಕೊಡಲು ಮನಸ್ಸು ಬರುತ್ತಿಲ್ಲ. ತನ್ನ ಗಂಡ ಹೇಳಿದ ನೆಪಗಳಲ್ಲಿ ಕೊನೆಯ ಎರಡು ತಾನೇ ಹೇಳಿಕೊಟ್ಟಿದ್ದು.

ಸೊಸೆಗೆ ಹೇಳಲು ಬೇಕಾದಷ್ಟಿತ್ತು. ಮೂರು ಮೆಟ್ಟಿಲು ಏರಿ ಎರಡು ಮೆಟ್ಟಿಲು ಇಳಿಯುವ ಮನೆ, ಶನಿವಾರ, ಬೆರಳಿನಷ್ಟು ಕುಗ್ಗಿದ ವರ್ತುಲ. ಆದರೆ ಒಬ್ಬಳ ಮನೆಯನ್ನು ಅವಳಿಂದಲೇ ಬೇಡುವುದು ಹೇಗೆ? ಅತ್ತೆಯೂ ಏನನ್ನೂ ಬೇಡಲಿಲ್ಲ. ಎದ್ದು ಹೆಂಗಸಿನ ಕೈಹಿಡಿದರು. ಒಮ್ಮೆ ಕಣ್ಣುಮುಚ್ಚಿ ಬನ್ನಿ, ನಿಮ್ಮ ಮನೆ ನಿಮಗೇ ತೋರಿಸುತ್ತೇನೆ ಎಂದರು.

ಇಬ್ಬರೂ ಗೋಡೆ ಹಿಡಿದು ಹೊರಟರು, ಅತ್ತೆ ಮುಂದೆ, ಹೆಂಗಸು ಹಿಂದೆ. ತಿರುಗಿ ಬಂದಾಗ ಅತ್ತೆಯ ಹೆಜ್ಜೆ ಎಲ್ಲೂ ತಪ್ಪಿರಲಿಲ್ಲ. ಹೆಂಗಸು ಮಾತ್ರ ಎರಡು ಸಲ ಎಡವಿದ್ದಳು, ಒಮ್ಮೆ ತನ್ನದೇ ಅಕ್ಕಿ ಡಬ್ಬಕ್ಕೆ.

"ಇಪ್ಪತ್ತೆರಡು ವರ್ಷ ಇದ್ದೀನಿ, ಆದ್ರೂ ಈ ಮನೆ ನನಗಿಂತ ನಿಮಗೇ ಚೆನ್ನಾಗಿ ಗೊತ್ತು," ಎಂದಳು ಕಣ್ಣು ತೆರೆದು. ಆಮೇಲೆ ಬಹಳ ಹೊತ್ತು ಅತ್ತೆಯ ಕೈಯನ್ನು ಬಿಡಲಿಲ್ಲ.

ಅಷ್ಟರಲ್ಲಿ ಹೊರಗೆ ಗೊಂಚಲಿನ ಸದ್ದು ಕೇಳಿಸಿತು. ಊಟಕ್ಕೆ ಬಂದ ಗಿಲಕಿ ಒಳಗೆ ಕಾಲಿಟ್ಟು, ಅಭ್ಯಾಸಬಲದಿಂದ ಗೊಂಚಲನ್ನು ಮೊಳೆಗೆ ತೂಗುಹಾಕಿ, ಆಮೇಲೆ ತಲೆಯೆತ್ತಿ ಮೂವರನ್ನೂ ಕಂಡ. ಓಡಿಹೋಗಲು ಅವನಿಗೆ ತನ್ನ ಮನೆ ಬಿಟ್ಟರೆ ಬೇರೆ ಮನೆಯಿರಲಿಲ್ಲ. ಸೊಸೆ ಕೆಂಪು ಡಬ್ಬಿಯನ್ನು ಗೂಡಿನಿಂದ ತೆಗೆದು ಅವನ ಕೈಗಿಟ್ಟಳು.

"ಕನ್ನಡಕ ಹಾಕ್ಕೊಳ್ಳಿ," ಎಂದಳು ಹೆಂಡತಿ. "ಕರಾರು ಬರೀಬೇಕು. ಇವರಿಗೆ ಕೊಡ್ತಾ ಇದ್ದೀವಿ."

"ಕೊಟ್ಟು ನಾವೆಲ್ಲಿಗೆ ಹೋಗೋದು?"

"ನಲವತ್ತು ಬೀಗದ ಕೈ ಇಟ್ಕೊಂಡು ನನ್ನ ಕೇಳ್ತೀರಾ? ಎರಡು ಕಡೆ ಕಿಟಕಿ ಇರೋ ಮನೆ ಹುಡುಕಿ. ಆ ಮೊದಲ ಎರಡು ಮನೆ ಆಟ ನನ್ನ ಹತ್ರ ಬೇಡ."

ಗಿಲಕಿ ಕುಳಿತುಬಿಟ್ಟ. ಇನ್ನು ತನ್ನ ಕಮಿಷನ್ನು ಯಾರ ಹತ್ತಿರ ಕೇಳುವುದೆಂದು ಗೊಣಗಿದ. ಎಲ್ಲರೂ ನಕ್ಕರು, ಅವನೊಬ್ಬನನ್ನು ಬಿಟ್ಟು. ಶುಕ್ರವಾರ ಕರಾರಾಯಿತು. ಡಿಪೋದಿಂದ ನೇರವಾಗಿ ಬಂದ ಗಂಡ ಸಹಿ ಹಾಕಿ, ಮನೆಯನ್ನು ಒಮ್ಮೆ ನೋಡಿ, ಇಷ್ಟು ಕತ್ತಲೆಯೇ ಎಂದು ಕೇಳಬೇಕೆಂದವನು ತಾಯಿಯ ಮುಖ ಕಂಡು ಬಾಯಿ ಮುಚ್ಚಿಕೊಂಡ. ಬಿಟ್ಟುಕೊಡಲು ಮೂರು ತಿಂಗಳ ಗಡುವು. ಆದರೆ ಅತ್ತೆಗೆ ಮೂರು ತಿಂಗಳು ಪೋಲು ಮಾಡುವಷ್ಟು ವ್ಯವಧಾನವಿರಲಿಲ್ಲ. ಹೆಂಗಸೇ ದಾರಿ ತೋರಿಸಿದಳು: ದಿನಾ ಮಧ್ಯಾಹ್ನ ಬಂದು ಮನೆ ಕಲಿಯಿರಿ, ನಾನು ಅಕ್ಕಿ ಡಬ್ಬ ಪಕ್ಕಕ್ಕಿಡುತ್ತೇನೆ.

ಮುಂದಿನ ಭಾನುವಾರ ಗಿಲಕಿ, ಅವನ ಹೆಂಡತಿ ಇಬ್ಬರೂ ಮನೆ ನೋಡಲು ಹೋದರು. ಐದು ತಿಂಗಳಲ್ಲಿ ಮೊದಲ ಸಲ ಸೊಸೆ ಯಾವ ನಲ್ಲಿಯನ್ನೂ ತಿರುಗಿಸದೆ ಆ ಕತ್ತಲೆ ಹಜಾರದಲ್ಲಿ ಕುಳಿತಿದ್ದಳು. ಕುಳಿತಲ್ಲೇ ತೂಕಡಿಕೆ ಬಂತು. ಅತ್ತೆ ಕಣ್ಣುಮುಚ್ಚಿ ಹಿತ್ತಿಲಿನಿಂದ ಮುಂಬಾಗಿಲ ಕಡೆಗೆ ಬರುತ್ತಿದ್ದರು. ಈಗ ಅದೇ ಗೋಡೆ ಬಲಗೈಗೆ.

ಸಂಜೆ ಗೊಂಚಲು ಗಿಲಿಗಿಲಿ ಎಂದಿತು. ಹೆಂಗಸು ಒಳಗೆ ಬಂದವಳೇ ಚಪ್ಪಲಿ ಕಳಚಿ ನೆಲಕ್ಕೇ ಕುಳಿತಳು.

"ಎರಡು ತೋರಿಸಿದ್ರು. ಎರಡೂ ದರಿದ್ರ. ಮೂರನೇದು ನಾಳೆ ಅಂತೆ."

ಗಿಲಕಿ ಯಾರ ಮುಖವನ್ನೂ ನೋಡದೆ ಗೊಂಚಲನ್ನು ಮೊಳೆಗೆ ಹಾಕಿದ. ಸದ್ದು ನಿಂತಿತು. ಅತ್ತೆಯ ಕೈ ಗೋಡೆಯುದ್ದಕ್ಕೂ ಸವರುತ್ತ ಬಂದು, ಗೀರಿನ ಮೇಲೆ ಒಂದು ಗಳಿಗೆ ತಡೆದು, ತಣ್ಣನೆಯ ಕಬ್ಬಿಣಕ್ಕೆ ತಾಗಿ ನಿಂತಿತು.

"ಹೋಗುವಾಗ ಎಲ್ಲ ತಗೊಂಡು ಹೋಗಿ. ಈ ಮೊಳೆ ಮಾತ್ರ ಬಿಟ್ಟುಹೋಗಿ," ಎಂದರು ಕಣ್ಣು ತೆರೆಯದೆಯೇ. "ಇಲ್ಲಿಂದ ಬಾಗಿಲಿಗೆ ಎರಡು ಹೆಜ್ಜೆ."