ಸುಳ್ಳು ಮದುವೆಯ ಉಡಿ

ಬ್ಯಾಡಗಿಯಲ್ಲಿ ನನ್ನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬರು ನನ್ನ ಗಂಡ ರುದ್ರಮುನಿ. ನಾನು ಶುರು ಹಚ್ಚಿಕೊಂಡರೆ ಅವರು ಪೇಪರ್ ಅಡ್ಡ ಹಿಡಿದು ಕೂತುಬಿಡುತ್ತಾರೆ. ಹೋದ ದೀಪಾವಳಿಗೆ ಎದೆನೋವು ಬಂದು, ದಾವಣಗೆರೆಗೆ ಒಯ್ದು ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ನಾನೂ ಅವರ ಮುಂದೆ ದನಿ ತಗ್ಗಿಸಿದ್ದೇನೆ. ಇನ್ನೊಬ್ಬಳು ಪಕ್ಕದ ಮನೆಯ ನೀಲಗಂಗವ್ವ. ನಾನು ಎಷ್ಟೇ ಕೂಗಾಡಲಿ, ಕೊನೆಗೆ "ಆತೇನವಾ? ಬಾ, ಚಾ ಕುಡಿ" ಅನ್ನುತ್ತಾಳೆ. ಅಂಥವಳನ್ನು ಅಗಡಿ ದಾರಿಯ ಪಾರ್ಕಿಗೆ ಎಳೆದುಕೊಂಡು ಹೋದವಳು ನಾನೇ.

ಪಾರ್ಕು ಅಂದರೆ ಜೋಕಾಲಿ, ಜಾರುಬಂಡೆ ಇರುವಂಥದ್ದಲ್ಲ. ಹಾವೇರಿ ದಾಟಿ ಅಗಡಿ ಕಡೆ ಹೊರಳಿದರೆ, ಒಂದು ಟ್ರಸ್ಟಿನವರು ನೂರು ವರ್ಷದ ಹಿಂದಿನ ಊರನ್ನೇ ಕಟ್ಟಿ ನಿಲ್ಲಿಸಿದ್ದಾರೆ. ಮಣ್ಣಿನ ಮಾಳಿಗೆಯ ಮನೆ, ಕಟ್ಟಿಗೆ ಕಂಬದ ಪಡಸಾಲೆ, ನೆಲದೊಳಗೆ ಜೋಳ ತುಂಬಿಡುವ ಹಗೇವು, ಕಮ್ಮಾರನ ಕುಲುಮೆ, ಬಾವಿ. ಊರೇನೋ ಕಟ್ಟಿದರು, ಊರಿಗೆ ಮಂದಿ ಬೇಕಲ್ಲ? ಅದಕ್ಕೆ ನಾವು. ತಿಂಗಳಿಗೊಂದು ಭಾನುವಾರ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯಿಂದ ಬಂದು, ಹಳೆಯ ಕಾಲದ ಬಟ್ಟೆ ತೊಟ್ಟು, ಸಂಜೆಯವರೆಗೆ ಹಳೆಯ ಮಂದಿಯಾಗಿ ಬದುಕಿ ತೋರಿಸಿ, ಬಸ್ಸು ಹಿಡಿದು ಮನೆಗೆ ಹೋಗುತ್ತೇವೆ. ಸಂಬಳ ಗಿಂಬಳ ಏನೂ ಇಲ್ಲ, ಮಧ್ಯಾಹ್ನ ರೊಟ್ಟಿ ಬದನೆಕಾಯಿ ಪಲ್ಯ ಸಿಗುತ್ತದೆ. ಪೋಸ್ಟಾಫೀಸಿನಿಂದ ರಿಟೈರ್ ಆದ ಗಂಗಾಧರಪ್ಪ ಅಲ್ಲಿ ಚಾವಡಿ ಕಾಯುವ ವಾಲೀಕಾರ. ಟಿವಿ ರಿಪೇರಿ ಮಾಡುವ ಯೂಸುಫಸಾಬ ಕಮ್ಮಾರ. ನಾನು ಬ್ಲೌಸ್ ಹೊಲಿಯುವವಳು, ಹೀಗಾಗಿ ಸೀರೆ, ಬಳೆ, ಒಡವೆಯ ಟ್ರಂಕು ನನ್ನ ಸುಪರ್ದಿ.

ಇದನ್ನೆಲ್ಲ ನಡೆಸುವವನು ವೀರೇಂದ್ರ, ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹುಡುಗ. ಕೆಟ್ಟವನಲ್ಲ. ಆದರೆ "ಹೆಂಗ ಇತ್ತೋ ಹಂಗ ತೋರಸಬೇಕು ಅಕ್ಕಾರ" ಎಂದು ಜಪ ಮಾಡುತ್ತಾನೆ. ಒಮ್ಮೆ ನನ್ನ ಸೀರೆಗೆ ಸೇಫ್ಟಿ ಪಿನ್ ಕಂಡು, ಪಡಸಾಲೆಯಿಂದ ಎಬ್ಬಿಸಿ ಒಳಗೆ ಕಳಿಸಿದ್ದ. ನಾನು ಒಳಗೆ ಹೋಗಿ ಪಿನ್ ತೆಗೆದು, ಹೊರಗೆ ಬಂದು, ಅವನ ಮೂಗಿನ ಮೇಲಿನ ಕನ್ನಡಕ ತೋರಿಸಿ "ಇದು ಯಾವ ಕಾಲದ್ದಪಾ?" ಅಂದಿದ್ದೆ. ಎಲ್ಲರೂ ನಕ್ಕಿದ್ದರು.

ಈ ಸಲ ಮಾಘ ಮಾಸಕ್ಕೆ ಹಳೇ ಕಾಲದ ಮದುವೆ ಮಾಡಿ ತೋರಿಸುವುದೆಂದು ನಿಂತಿತು. ಮದುಮಗಳಾಗಿ ಸ್ನೇಹಾ, ಹಾವೇರಿಯ ಡಿಗ್ರಿ ಹುಡುಗಿ. ಅವಳ ತಾಯಿಯ ಪಾತ್ರಕ್ಕೆ ನೀಲಗಂಗವ್ವ. ಸೋಬಾನೆ ಹಾಡು ಅವಳಷ್ಟು ಯಾರಿಗೂ ಬರುವುದಿಲ್ಲ. ಮದುಮಗಳ ತಾಯಿ ಅಂದ ಮೇಲೆ ಹಸಿರು ಬಳೆ ತೊಡಬೇಕು, ಕುಂಕುಮ ಹಚ್ಚಬೇಕು, ಕೊನೆಗೆ ಸೆರಗಿಗೆ ಅಕ್ಕಿ, ಕೊಬ್ಬರಿ ಹಾಕಿ ಮಗಳ ಉಡಿ ತುಂಬಿ ಕಳಿಸಬೇಕು. ನೀಲಗಂಗವ್ವನೋ, ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಕಿರಾಣಿ ಅಂಗಡಿ ನಡೆಸಿ ಒಬ್ಬಳೇ ಮಗಳನ್ನು ಸಾಕಿದವಳು. "ನಾ ಹೆಂಗ್ರಿ ಸರ?" ಅಂದಳು. "ಪಾತ್ರ ಅಲ್ಲೇನ್ರಿ ಅಕ್ಕಾರ, ಪಾತ್ರಕ್ಕ ಏನೈತೋ ಅದು ನಿಮಗೂ ಐತಿ" ಅಂದ ವೀರೇಂದ್ರ. ಆ ಮಾತಿಗೆ ನನಗೆ ಅವನ ಮೇಲೆ ಪ್ರೀತಿಯೇ ಬಂದುಬಿಟ್ಟಿತು.

ಆ ಭಾನುವಾರ ಬೆಳಿಗ್ಗೆ ಮಾಳಿಗೆ ಮನೆಯ ಕೋಣೆಯಲ್ಲಿ ನಾನೇ ಅವಳಿಗೆ ಬಳೆ ತೊಡಿಸಿದೆ. ಅಂಗಡಿಯಲ್ಲಿ ಬೆಲ್ಲ, ಉಪ್ಪು ತೂಗಿ ತೂಗಿ ಒರಟಾದ ಕೈ. ಬಳೆ ಒಂದೊಂದೇ ಏರಿತು. ಅವಳು ಕೈ ಎತ್ತಿ ಅಲ್ಲಾಡಿಸಿ ಸಪ್ಪಳ ಕೇಳಿದಳು, ಮುಖ ಅರಳಿತು. ಆಮೇಲೆ ಚೀಲದಿಂದ ಒಂದು ಹಿತ್ತಾಳೆ ತಾಟು ತೆಗೆದಳು. ಅಕ್ಕಿ, ಅರಿಶಿನದ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲು, ಮೇಲೊಂದು ಗುಳೇದಗುಡ್ಡದ ಕುಪ್ಪಸದ ಖಣ.

"ಉಡಿ ಸಾಮಾನ ಪಾರ್ಕಿನವರ ಕೊಡ್ತಾರಲ್ಲ ಅಕ್ಕಾ, ನೀ ಯಾಕ ತಂದಿ?" ಅಂದೆ.

"ಈ ಖಣ ಶಿವಲೀಲಾನ ಮದಿವಿಗೆ ತಂದಿದ್ದೆ."

ಶಿವಲೀಲಾ ಅವಳ ಮಗಳು. ಮೇಡ್ಲೇರಿಗೆ ಕೊಟ್ಟಿದ್ದಳು. ಮದುವೆಯಾದ ಎರಡನೇ ವರ್ಷ ಕಾಮಾಲೆಯಾಗಿ, ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ.

"ಮದಿವ್ಯಾಗ ನನ್ನ ಅಡಗಿಮನ್ಯಾಗ ಕುಂದರಿಸಿದ್ದು ನಿನಗ ಗೊತ್ತೈತಲ್ಲ" ಅಂದಳು. "ಉಡಿ ನಮ್ಮ ನೆಗೆಣ್ಣಿ ತುಂಬಿದ್ಲು. ನಾ ಒಲಿ ಮುಂದ ಇದ್ದೆ. ಗಂಡನ ಮನಿಗೆ ಹೊಂಡೂಮುಂದ ಶಿವಲೀಲಾ ಹಿತ್ತಲ ಬಾಗಲದಿಂದ ಒಳಗ ಬಂದ್ಲು. ಸೆರಗ ಒಡ್ಡಿ 'ಯವ್ವಾ, ನೀ ತುಂಬು' ಅಂದ್ಲು. ಬ್ಯಾಡ ಅಂದೆ. ಕೇಳಲಿಲ್ಲ. ಒಂದು ಬೊಗಸಿ ಅಕ್ಕಿ ಹಾಕಿದೆ. ಇದನ್ನ ಯಾರಿಗೂ ಹೇಳಿಲ್ಲ ನಿರ್ಮಲಾ. ಆಮ್ಯಾಲೆ ಏನಾತು, ನೀನ ನೋಡೀದಿ."

ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇವಳು ನನಗೆ ಚಹಾ ಕುಡಿಸುತ್ತಿದ್ದಳೇ? ದುಃಖ ಬಂದರೆ ನನಗೆ ಮೊದಲು ಸಿಟ್ಟೇ ಬರುವುದು.

"ಹುಚ್ಚಿ ಇದ್ದೀಯೇನ ನೀನು? ಕಾಮಣಿ ಹೊಲಸ ನೀರಿನಿಂದ ಬರ್ತೈತಿ, ಅಕ್ಕಿಯಿಂದ ಬರ್ತೈತೇನು? ಓದಿದವರ್ನ ಕೇಳು, ಡಾಕ್ಟರನ್ನ ಕೇಳು!"

"ನಿನ್ನ ಮಾತು ಖರೇನ ಇರಬೇಕು. ಆದ್ರ ನನ್ನ ಮನಸ್ಸಿಗೆ ಒಪ್ಪವಲ್ದು. ಒಮ್ಮೆ ನೋಡಬೇಕು. ಸುಳ್ಳು ಮದಿವಿ ಆದ್ರೂ ಅಡ್ಡಿಯಿಲ್ಲ. ಈ ಕೈಯಿಂದ ಒಂದು ಹುಡುಗಿ ಉಡಿ ತುಂಬಬೇಕು, ಆಕಿ ನಕ್ಕೋತ ಮನಿಗೆ ಹೋಗಬೇಕು, ಚೊಲೋ ಇರಬೇಕು. ಅಷ್ಟ ಆತಂದ್ರ, ನನ್ನ ಮಗಳನ್ನ ನಾ ಕೊಂದಿಲ್ಲ ಅಂತ ನನಗ ತಿಳೀತೈತಿ."

ನಾನು ಕನ್ನಡಿ ಹಿಡಿದೆ. ಅವಳು ತಾನೇ ಬೆರಳದ್ದಿ ಕುಂಕುಮ ಹಚ್ಚಿಕೊಂಡಳು.

ಹತ್ತು ಗಂಟೆಗೆಲ್ಲ ಪಾರ್ಕು ತುಂಬಿಹೋಗಿತ್ತು. ಶಾಲೆಯ ಮಕ್ಕಳು, ಕುಮಾರಪಟ್ಟಣದ ಫ್ಯಾಕ್ಟರಿ ಕಾಲೋನಿಯವರು, ಮೊಬೈಲ್ ಎತ್ತಿ ಹಿಡಿದ ಹುಡುಗರು. ಅಂಗಳದಲ್ಲಿ ಹಂದರ. ನೀಲಗಂಗವ್ವ ಮದುಮಗಳಿಗೆ ಅರಿಶಿನ ಹಚ್ಚುತ್ತ ಸೋಬಾನೆ ಎತ್ತಿದಳು. ಮಂದಿ ಸುಮ್ಮನಾಯಿತು. ಯೂಸುಫಸಾಬ ಕೂಡ ಸುತ್ತಿಗೆ ಕೆಳಗಿಟ್ಟು ಕೇಳುತ್ತ ನಿಂತ. ಹಾಡುವಾಗ ಅವಳ ಮುಖ ನೋಡಬೇಕಿತ್ತು, ಹತ್ತು ವರ್ಷ ಸಣ್ಣವಳಾಗಿದ್ದಳು.

ಉಡಿ ತುಂಬುವ ಹೊತ್ತು ಬಂತು. ಸ್ನೇಹಾ ಮಣೆಯ ಮೇಲೆ ಕೂತು ಸೆರಗು ಒಡ್ಡಿದಳು. ನೀಲಗಂಗವ್ವ ತಾಟು ತರಲು ಪಡಸಾಲೆಗೆ ಬಂದಳು. ಅಷ್ಟರಲ್ಲಿ ಸ್ನೇಹಾಳ ನಿಜವಾದ ತಾಯಿ ಮಂಗಳವ್ವ, ಮಂದಿಯನ್ನು ಸರಿಸಿಕೊಂಡು ಒಳಗೆ ಬಂದಳು. ತವರು ಮನೆ ಬ್ಯಾಡಗಿ ಅವಳದು. ಇಷ್ಟು ಹೊತ್ತು ದೂರದಿಂದ ನೋಡಿ, ಈಗ ಗುರುತು ಹಿಡಿದಿದ್ದಳು.

"ಇವರು ಕಿರಾಣಿ ಅಂಗಡಿ ನೀಲಗಂಗವ್ವ ಅಲ್ಲೇನ್ರಿ?" ಅಂದಳು ನನಗೆ. "ಇವರ ಯಜಮಾನ್ರು ತೀರಕೊಂಡಾರಲ್ರಿ?"

"ಹೌದು. ಏನೀಗ?" ಅಂದೆ.

"ನನ್ನ ಮಗಳಿಗೆ ಖರೇನ ಮದಿವಿ ಐತ್ರಿ, ಬರೂ ವೈಶಾಖದಾಗ. ಬೀಗರೂ ನೋಡಾಕ ಬಂದಾರ."

"ಇದು ನಾಟಕ ಐತಿ ತಂಗಿ! ಅಲ್ಲಿ ನಿಂತ ವಾಲೀಕಾರಪ್ಪ ಪೆನ್ಶನ್ ತಗೊಳ್ಳೂ ಪೋಸ್ಟ್ ಮಾಸ್ತರ, ಕಮ್ಮಾರ ಟಿವಿ ರಿಪೇರಿ ಮಾಡಾಂವ. ಇಲ್ಲಿ ಯಾವದು ಖರೇ ಐತಿ? ನಿನಗ ಇದೊಂದ ಖರೇ ಕಂಡಿತೇನು?"

ನನ್ನ ದನಿಗೆ ಹೊರಗಿನ ಮಂದಿ ತಿರುಗಿ ನೋಡಿತು. ಅವಳೂ ಜಗಳಕ್ಕೆ ನಿಂತಿದ್ದರೆ ನಾನು ನೋಡಿಕೊಳ್ಳುತ್ತಿದ್ದೆ, ಬಿಡುತ್ತಿರಲಿಲ್ಲ. ಅವಳು ಜಗಳ ಮಾಡಲೇ ಇಲ್ಲ. ಕಣ್ಣಲ್ಲಿ ನೀರು ತಂದುಕೊಂಡು ನೀಲಗಂಗವ್ವನಿಗೆ ಕೈ ಮುಗಿದಳು. "ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ನನಗ ಒಬ್ಬಾಕೀನ ಮಗಳು."

ನೀಲಗಂಗವ್ವ ಅವಳನ್ನು ನೋಡಿದಳು. "ನನಗೂ ಒಬ್ಬಾಕೀನ ಇದ್ಲವಾ" ಅಂದಳು. ಸಿಟ್ಟಿನಿಂದಲ್ಲ, ಒಪ್ಪಿಕೊಂಡವಳ ಹಾಗೆ. ತಾಟು ಅಲ್ಲೇ ಕಟ್ಟೆಯ ಮೇಲಿಟ್ಟು, ಸೆರಗಿನ ತುದಿಯಿಂದ ಹಣೆಯ ಕುಂಕುಮ ಒರೆಸಿಕೊಂಡಳು.

ವೀರೇಂದ್ರ ಓಡಿ ಬಂದ. ನಾನು ಅವನ ರಟ್ಟೆ ಹಿಡಿದು "ನೀ ಹೇಳಪಾ, ಪಾತ್ರಕ್ಕ ಏನೈತೋ ಅದು ಇಕಿಗೂ ಐತಿ ಅಂದಿಯಲ್ಲ, ಹೇಳು" ಅಂದೆ. ಅವನು ಹೊರಗಿನ ಮಂದಿಯ ಕಡೆ ನೋಡಿದ, ಮಂಗಳವ್ವನ ಕಡೆ ನೋಡಿದ. ಸ್ನೇಹಾ ಮಣೆ ಬಿಟ್ಟು ಎದ್ದು ಬಂದು "ಮಮ್ಮಿ, ಸುಮ್ಮನ ಏನ ಹಚ್ಚೀದಿ?" ಅಂದದ್ದಕ್ಕೆ ತಾಯಿ "ನೀ ಬಾಯಿ ಮುಚ್ಚು" ಅಂದಳು. ಹುಡುಗಿ ಬಾಯಿ ಮುಚ್ಚಿಕೊಂಡು ಹೋಗಿ ಕೂತಳು.

"ಈಗ ಟೈಮ್ ಇಲ್ಲ ಅಕ್ಕಾರ" ಅಂದ ವೀರೇಂದ್ರ. "ಉಡಿ ಮಂಗಳವ್ವಾರ ತುಂಬಲಿ. ನೀಲಗಂಗವ್ವಾರು ಅಡಗಿಮನ್ಯಾಗ ಇರ್ಲಿ. ಹಂಗ ನೋಡಿದ್ರ ಆ ಕಾಲದಾಗ ಹಂಗ ಇತ್ತು." ಎರಡು ಹೆಜ್ಜೆ ಹೋದವನು ತಿರುಗಿ, ತಗ್ಗಿದ ದನಿಯಲ್ಲಿ, "ಬಳಿ ಒಂದಿಷ್ಟು ಕಾಣದಂಗ ಮಾಡ್ರಿ" ಅಂದ. ನೀಲಗಂಗವ್ವ ಸೆರಗು ಎಳೆದು ಎರಡೂ ಕೈ ಮುಚ್ಚಿಕೊಂಡು ಒಳಗೆ ನಡೆದಳು. ಒಲೆಯ ಮುಂದೆ ಕೂತಳು.

ಮಂಗಳವ್ವ ಪಾರ್ಕಿನವರ ಅಕ್ಕಿ, ಕೊಬ್ಬರಿ ತೆಗೆದುಕೊಂಡು ಮಗಳ ಉಡಿ ತುಂಬಿದಳು. ಮಂದಿ ಚಪ್ಪಾಳೆ ಹೊಡೆಯಿತು. ವೀರೇಂದ್ರ ಮೈಕು ಹಿಡಿದು ಒಂದೊಂದೇ ಶಾಸ್ತ್ರ ವಿವರಿಸುತ್ತಿದ್ದ. ಹಿಡಿದ ಮಾತು ಅವನಿಗೆ ಬಿಡಲು ಬರುವುದಿಲ್ಲ. ಯೋಚನೆ ಮಾಡದೆ ಅಂದುಬಿಟ್ಟ:

"ಆ ಕಾಲದಲ್ಲಿ ಗಂಡ ಸತ್ತ ಹೆಣ್ಣುಮಕ್ಕಳು ಹಂದರಕ್ಕೆ ಬರುವಂತಿರಲಿಲ್ಲ. ಸ್ವಂತ ಮಗಳ ಮದುವೆಯಾದರೂ ಒಳಗೇ ಇರಬೇಕಾಗಿತ್ತು. ಅಲ್ಲಿ ಅಡುಗೆಮನೆಯಲ್ಲಿ ಕೂತಿದ್ದಾರಲ್ಲ, ನೋಡಿ, ಹಾಗೆ."

ಮೊಬೈಲ್‌ಗಳೆಲ್ಲ ಅಡುಗೆಮನೆಯ ಬಾಗಿಲಿಗೆ ತಿರುಗಿದವು. ನಾನು ಬಾಗಿಲಿಗೆ ಅಡ್ಡ ನಿಂತೆ, ನನ್ನ ಭುಜದ ಮೇಲಿಂದ ಕೈ ಚಾಚಿ ಫೋಟೋ ತೆಗೆದರು. ನನ್ನ ಎದುರಿಗಿದ್ದ ಒಬ್ಬ ಹೆಂಗಸು, ರೇಷ್ಮೆ ಸೀರೆಯವಳು, ತನ್ನ ಗಂಡನಿಗೆ ಹೇಳುತ್ತಿದ್ದಳು: "ಎಷ್ಟ ಚಂದ ಆ್ಯಕ್ಟಿಂಗ್ ಮಾಡ್ತಾರ ನೋಡ್ರಿ. ಖರೇನ ಕಣ್ಣೀರು!"

"ಹೊಗಿ ಅದು, ಹೊಗಿ! ನಡೀರಿ ಆ ಕಡೆ!" ಎಂದು ಚೀರಿದೆ. ಅದೂ ನಾಟಕವೆಂದೇ ತಿಳಿದು ಹುಡುಗರು ನಕ್ಕರು.

ಮಂದಿ ಊಟದ ಕಡೆ ಹೋದ ಮೇಲೆ ನಾವಿಬ್ಬರೂ ಬಾವಿಕಟ್ಟೆಗೆ ಬಂದೆವು. ನಾನು ಅವಳ ಎದುರು ಕೂತು ಕೈ ಹಿಡಿದೆ. ಒಲೆಯ ಕಾವಿಗೆ ಬೆರಳು ಬಾತಿದ್ದವು, ಬಳೆ ಹಿಂದಕ್ಕೆ ಬರಲೊಲ್ಲದು.

"ಒಡೀಬ್ಯಾಡ ನಿರ್ಮಲಾ" ಅಂದಳು. "ಹ್ವಾದ ಸಲ ಕಲ್ಲಿಗೆ ಕುಟ್ಟಿ ಒಡದಿದ್ರು. ಸಾಬೂನ ಹಚ್ಚಿ ತಗಿ."

ಸಾಬೂನು ಹಚ್ಚಿ ಒಂದೊಂದೇ ತೆಗೆದೆ. ಒಂದೂ ಒಡೆಯಲಿಲ್ಲ. ನಾನು ಅತ್ತೆ, ಅವಳು ಅಳಲಿಲ್ಲ. ಕೈ ತೊಳೆದುಕೊಂಡು, ಪಡಸಾಲೆಯಿಂದ ತನ್ನ ತಾಟು ತಂದು ತೊಡೆಯ ಮೇಲಿಟ್ಟುಕೊಂಡಳು. ಖಣದ ಮಡಿಕೆ ಸರಿಮಾಡಿದಳು.

"ಆಕಿ ಮಾಡಿದ್ದ ಬರೋಬ್ಬರಿ ಐತಿ" ಅಂದಳು. "ಆಕಿ ತಾಯಿ. ಮಗಳ ಮ್ಯಾಲೆ ಜೀವ ಇದ್ದಾಕಿ ಹಂಗ ಮಾಡಬೇಕು. ನಾ ಅವತ್ತ ಗಟ್ಟಿಯಾಗಿ ಬ್ಯಾಡ ಅನಬೇಕಾಗಿತ್ತು."

ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ಧಡಕ್ಕನೆ ಎದ್ದು, ಸೊಂಟದಿಂದ ಸೆರಗು ಬಿಚ್ಚಿ ಅವಳ ಮುಂದೆ ಒಡ್ಡಿದೆ.

"ನನಗ ತುಂಬು. ಈಗ, ಇಲ್ಲೇ. ನಾನೂ ಒಬ್ಬಾಕಿ ಮಗಳ ಅದೇನಿ. ತುಂಬು, ನನಗ ಏನಾಗ್ತೈತಿ ನೋಡೇಬಿಡೂಣು!"

ಅವಳು ನನ್ನ ಮುಖ ನೋಡಿದಳು. ಬೆಳಿಗ್ಗೆ ಬಳೆ ಸಪ್ಪಳ ಕೇಳಿದಾಗ ಹೇಗಿದ್ದಳೋ ಹಾಗಾದಳು. ಎರಡೂ ಕೈಯಲ್ಲಿ ಅಕ್ಕಿ ಎತ್ತಿದಳು. ಹಾಕುವ ಮೊದಲು, ಏನೋ ನೆನಪಾದವಳಂತೆ ಕೇಳಿದಳು. "ಮನ್ಯಾಗ ಅವರ ಎದಿ ಈಗ ಹೆಂಗೈತಿ?"

"ಆರಾಮ ಅದಾರ" ಅಂದೆ. ಅನ್ನುತ್ತಿದ್ದಂತೆ ದಾವಣಗೆರೆ ಆಸ್ಪತ್ರೆಯ ಆ ಬೆಂಚು ಕಣ್ಣ ಮುಂದೆ ಬಂತು. ಅವರ ಅಂಗಿ, ವಾಚು ಕೈಯಲ್ಲಿ ಹಿಡಿದು ನಾನು ಕೂತಿದ್ದ ಬೆಂಚು. ನನ್ನ ಮನಸ್ಸು ಏನೂ ಹೇಳಲಿಲ್ಲ, ದೇವರಾಣೆ. ಕೈ ಮಾತ್ರ ಸಡಿಲಾಯಿತು. ಒಡ್ಡಿದ ಸೆರಗು ಒಂದಿಷ್ಟು ಜೋತುಬಿತ್ತು, ಅಷ್ಟೆ. ಕೂಡಲೇ ಮತ್ತೆ ಬಿಗಿಹಿಡಿದೆ.

ಆದರೆ ಅವಳು ನೋಡಿಬಿಟ್ಟಿದ್ದಳು. ಬೊಗಸೆಯ ಅಕ್ಕಿಯನ್ನು ಚೆಲ್ಲದ ಹಾಗೆ ಮೆಲ್ಲಗೆ ತಾಟಿಗೆ ಇಳಿಸಿದಳು. ಎದ್ದು ಬಂದು ನನ್ನ ಸೆರಗನ್ನು ಕೈಯಿಂದ ಬಿಡಿಸಿ, ಸಣ್ಣ ಹುಡುಗಿಗೆ ಮಾಡುವಂತೆ ಸೊಂಟಕ್ಕೆ ಸಿಕ್ಕಿಸಿದಳು.

"ತುಂಬಕ್ಕಾ, ತುಂಬು" ಅಂದೆ. "ಬಸ್ಸಿನ ಹೊತ್ತಾತು, ಲಗೂ ನಡಿಯವಾ" ಅಂದಳು.

ಹಾವೇರಿಯಿಂದ ಬ್ಯಾಡಗಿಯವರೆಗೆ, ಜೀವಮಾನದಲ್ಲೇ ಮೊದಲ ಸಲ, ನಾನು ಬಾಯಿ ಬಿಡಲಿಲ್ಲ. ತಾಟನ್ನು ಖಣದಲ್ಲಿ ಕಟ್ಟಿಕೊಂಡು, ಬರಿಗೈ ಅದರ ಮೇಲಿಟ್ಟು ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ನಮ್ಮ ಓಣಿಗೆ ಬಂದಾಗ ನನ್ನ ಕಾಲು ತಾನಾಗಿಯೇ ನಮ್ಮ ಮನೆಯ ಕಡೆ ಬೇಗ ಬೇಗ ಬೀಳತೊಡಗಿತ್ತು. ಅವಳು ತನ್ನ ಬಾಗಿಲಲ್ಲಿ ನಿಂತು, ಎಂದಿನಂತೆ, "ಬಾ, ಚಾ ಕುಡದು ಹೋಗು" ಅಂದಳು.

"ಇಲ್ಲಕ್ಕಾ, ಮನ್ಯಾಗ ಅವರೊಬ್ಬರ ಅದಾರ" ಅಂದೆ.

"ಹೂಂ, ಹೋಗವಾ" ಅಂದಳು. "ಮದಲ ಅವರನ್ನ ನೋಡು, ಹೋಗು."